ಗಣಕಕ್ಕೆ ಎಸ್‌ಎಂಪಿಎಸ್: ಅಂದದ ಜತೆ ಆಂಪಿಯರ್ ಕೂಡ ನೋಡಿ

ಮೇಜಿನ ಗಣಕ ಕೊಳ್ಳುವವರು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳ ಬಗ್ಗೆ ಹತ್ತು ಅಂಗಡಿಗಳಲ್ಲಿ ವಿಚಾರಿಸುತ್ತಾರೆ. ಎಸ್‌ಎಂಪಿಎಸ್ ಎಂದೇ ಹೆಸರಾದ ವಿದ್ಯುತ್ ಪೂರೈಕೆ ಪೆಟ್ಟಿಗೆಯ ಸರದಿ ಬಂದಾಗ ಮಾತ್ರ ‘ಯಾವುದಾದರೂ ಹಾಕಿ’ ಎಂದುಬಿಡುತ್ತಾರೆ. ಆದರೆ ಗಣಕದ ಪ್ರತಿಯೊಂದು ಭಾಗಕ್ಕೂ ವಿದ್ಯುತ್ತು ಹರಿಯುವುದು ಈ ಪೆಟ್ಟಿಗೆಯಿಂದಲೇ. ಕಳಪೆ ಎಸ್‌ಎಂಪಿಎಸ್ ಕೆಟ್ಟಾಗ ತಾನೊಂದೇ ಕೆಡದೆ ಮದರ್‌ಬೋರ್ಡನ್ನೂ, ವರ್ಷಗಟ್ಟಲೆ ಕೂಡಿಟ್ಟ ಛಾಯಾಚಿತ್ರ ಹಾಗೂ ಕಡತಗಳಿರುವ ಹಾರ್ಡ್‌ಡಿಸ್ಕನ್ನೂ ಸುಟ್ಟುಬಿಡಬಹುದು.

ಗೋಡೆಯ ಸಾಕೆಟ್‌ನಿಂದ ಬರುವ 230 ವೋಲ್ಟ್‌ನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುವುದು ಎಸ್‌ಎಂಪಿಎಸ್‌ನ ಕೆಲಸ. ಒಳಗಿನ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಹರಿಸಿ ತಡೆಯುವುದರಿಂದ ಅದಕ್ಕೆ ‘ಸ್ವಿಚ್ ಮೋಡ್’ ಎಂಬ ಹೆಸರು. ಇದರ ಅಳತೆ ಮತ್ತು ಕನೆಕ್ಟರ್‌ಗಳಿಗೆ ಆಧಾರ ಇಂಟೆಲ್ ಸಂಸ್ಥೆ 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಮಾನದಂಡ.

ಲೇಬಲ್ ಓದುವ ಬಗೆ

ಇಂದಿನ ಪ್ರೊಸೆಸರ್ ಹಾಗೂ ಗ್ರಾಫಿಕ್ಸ್ ಕಾರ್ಡ್‌ಗಳು ವಿದ್ಯುತ್ ಪಡೆಯುವುದು ಮುಖ್ಯವಾಗಿ 12 ವೋಲ್ಟ್ ಸಾಲಿನಿಂದ. ಆದ್ದರಿಂದ ಪೆಟ್ಟಿಗೆಯ ಮೇಲಿನ ದಪ್ಪ ಅಕ್ಷರಗಳಿಗಿಂತ ಬದಿಯ ಲೇಬಲ್‌ನಲ್ಲಿರುವ ಕೋಷ್ಟಕ ಮುಖ್ಯ. ‘500 ವಾಟ್’ ಎಂದು ಬರೆದಿದ್ದರೂ 12 ವೋಲ್ಟ್ ಸಾಲಿಗೆ 25 ಆಂಪಿಯರ್ ಮಾತ್ರ ನಮೂದಾಗಿದ್ದರೆ ನಿಜವಾಗಿ ಉಪಯೋಗಕ್ಕೆ ಬರುವುದು 300 ವಾಟ್ ಅಷ್ಟೇ. ಉತ್ತಮ ಮಾದರಿಗಳಲ್ಲಿ ಒಟ್ಟು ಸಾಮರ್ಥ್ಯದ ಬಹುಪಾಲು ಈ ಒಂದು ಸಾಲಿನಲ್ಲೇ ದೊರೆಯುತ್ತದೆ.

ಎಷ್ಟು ವಾಟ್ ಬೇಕು?

ಉದಾಹರಣೆಗೆ, ಇಂಟೆಲ್ ಕೋರ್ ಐ5-12400 ಪ್ರೊಸೆಸರ್ ಗರಿಷ್ಠ 117 ವಾಟ್, ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಕಾರ್ಡ್ 115 ವಾಟ್ ಬಳಸುತ್ತವೆ. ಮದರ್‌ಬೋರ್ಡ್, ಡಿಸ್ಕ್, ಫ್ಯಾನ್‌ಗಳಿಗೆ 60 ವಾಟ್ ಸೇರಿಸಿದರೂ ಒಟ್ಟು 300 ವಾಟ್ ದಾಟುವುದಿಲ್ಲ. ಆದರೂ ಈ ಕಾರ್ಡ್‌ಗೆ ತಯಾರಕರ ಶಿಫಾರಸು 550 ವಾಟ್. ಗ್ರಾಫಿಕ್ಸ್ ಕಾರ್ಡ್‌ಗಳು ಕ್ಷಣಮಾತ್ರಕ್ಕೆ ಹೆಚ್ಚು ವಿದ್ಯುತ್ ಎಳೆಯುವುದರಿಂದ ಇಷ್ಟು ಅಂತರ ಅಗತ್ಯ. ಹಾಗೆಂದು ಇಂಥ ಗಣಕಕ್ಕೆ 1,000 ವಾಟ್‌ನ ಪೆಟ್ಟಿಗೆ ಕೊಳ್ಳುವುದು ಹಣದ ಪೋಲು.

80 ಪ್ಲಸ್ ಮುದ್ರೆ

2004ರಲ್ಲಿ ಆರಂಭವಾದ 80 ಪ್ಲಸ್ ಯೋಜನೆ ದಕ್ಷತೆಯನ್ನು ಅಳೆಯುತ್ತದೆ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆಯಿದ್ದಾಗ ಬ್ರಾಂಜ್ ದರ್ಜೆಗೆ ಶೇ. 85, ಗೋಲ್ಡ್ ದರ್ಜೆಗೆ ಶೇ. 90ರಷ್ಟು ದಕ್ಷತೆ ಇರಬೇಕು. 300 ವಾಟ್ ಒದಗಿಸಲು ಶೇ. 80 ದಕ್ಷತೆಯ ಪೆಟ್ಟಿಗೆ 375 ವಾಟ್ ಎಳೆದರೆ, ಶೇ. 90ರದ್ದು 333 ವಾಟ್ ಎಳೆಯುತ್ತದೆ. ಇಂಥ ಹೊರೆಯಲ್ಲಿ ದಿನಕ್ಕೆ 8 ಗಂಟೆಯಂತೆ 300 ದಿನ ದುಡಿದರೆ ಉಳಿತಾಯ ಸುಮಾರು 100 ಯೂನಿಟ್. ಆದರೆ ಈ ಮುದ್ರೆ ಸುರಕ್ಷತೆಯ ಖಾತರಿಯಲ್ಲ. ವೋಲ್ಟೇಜ್ ಏರಿಕೆ, ಅಧಿಕ ಹೊರೆ ಹಾಗೂ ಶಾರ್ಟ್ ಸರ್ಕ್ಯೂಟ್‌ಗಳಿಂದ ರಕ್ಷಣೆ ಇದೆಯೇ, ವಾರಂಟಿ ಎಷ್ಟು ವರ್ಷ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು.

ಅಂದಕ್ಕೊಂದು ಎಚ್ಚರಿಕೆ

ಗಾಜಿನ ಕ್ಯಾಬಿನೆಟ್‌ಗಳು ಬಂದ ಮೇಲೆ ಎಸ್‌ಎಂಪಿಎಸ್‌ನ ಅಂದಕ್ಕೂ ಬೆಲೆ ಬಂದಿದೆ. ಕೇಬಲ್‌ಗಳನ್ನು ಕಳಚಬಹುದಾದ ಮಾಡ್ಯುಲರ್ ಮಾದರಿಗಳಲ್ಲಿ ಬೇಕಾದ ಕೇಬಲ್‌ಗಳನ್ನಷ್ಟೇ ಜೋಡಿಸಬಹುದು. ಒಳಗೆ ಗಾಳಿಯಾಡಲೂ ಅನುಕೂಲ. ಆದರೆ ಒಂದು ಎಸ್‌ಎಂಪಿಎಸ್‌ನ ಕೇಬಲನ್ನು ಇನ್ನೊಂದಕ್ಕೆ ಎಂದಿಗೂ ಜೋಡಿಸಕೂಡದು. ಕೇಬಲ್‌ನ ಗಣಕದ ಕಡೆಯ ತುದಿ ಎಲ್ಲದರಲ್ಲೂ ಒಂದೇ ಬಗೆಯಾದರೂ, ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ಸಮಾನ ಮಾನದಂಡವಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ತಂತಿಗಳ ಕ್ರಮ ಬೇರೆಯಿರಬಹುದು. ಕೇಬಲ್ ಸಲೀಸಾಗಿ ಕೂತರೂ 5 ವೋಲ್ಟ್ ಹೋಗಬೇಕಾದ ಕಡೆಗೆ 12 ವೋಲ್ಟ್ ಹೋದರೆ ಡಿಸ್ಕ್ ಸುಡುವುದು ಕ್ಷಣದ ಮಾತು. ಬಣ್ಣದ ಕೇಬಲ್ ಕೊಳ್ಳುವವರು ಅದು ತಮ್ಮ ಮಾದರಿಗೇ ತಯಾರಾದದ್ದೇ ಎಂದು ಖಚಿತಪಡಿಸಿಕೊಳ್ಳಬೇಕು.

ಕ್ಯಾಬಿನೆಟ್‌ನ ಅಳತೆಯನ್ನೂ ಗಮನಿಸಬೇಕು. ಎಟಿಎಕ್ಸ್ ಪೆಟ್ಟಿಗೆಯ ಅಗಲ 150, ಎತ್ತರ 86 ಮಿ.ಮೀ. ಎಂದು ನಿಗದಿಯಾಗಿದ್ದರೂ ಉದ್ದ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.

ಯುಪಿಎಸ್ ಮತ್ತು ಅರ್ತಿಂಗ್

ವಿದ್ಯುತ್ ಆಗಾಗ ಕೈಕೊಡುವ ಊರುಗಳಲ್ಲಿ ಯುಪಿಎಸ್ ಕೂಡ ಲೆಕ್ಕಕ್ಕೆ ಬರುತ್ತದೆ. 600 ವಿಎ ಎಂದು ಮಾರಾಟವಾಗುವ ಯುಪಿಎಸ್‌ನ ಸಾಮರ್ಥ್ಯ ಸಾಮಾನ್ಯವಾಗಿ 360 ವಾಟ್ ಆಸುಪಾಸು. ಕೆಲವು ಹೊಸ ಎಸ್‌ಎಂಪಿಎಸ್‌ಗಳು ಶುದ್ಧ ಸೈನ್ ವೇವ್ ನೀಡದ ಯುಪಿಎಸ್‌ಗೆ ಹೊಂದಿಕೊಳ್ಳದೆ, ಕರೆಂಟ್ ಹೋದೊಡನೆ ಗಣಕ ಆರಿಹೋಗುವುದುಂಟು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಮನೆಯ ಅರ್ತಿಂಗ್ ಸರಿಯಿಲ್ಲವೆಂದು ಶಂಕಿಸಿ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಬೇಕು.

ಕೆಟ್ಟ ಎಸ್‌ಎಂಪಿಎಸ್‌ನ ಮುಚ್ಚಳವನ್ನು ಮನೆಯಲ್ಲಿ ಬಿಚ್ಚುವುದು ಸಲ್ಲದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಖರೀದಿಯ ರಸೀದಿ ಜೋಪಾನವಾಗಿದ್ದರೆ ವಾರಂಟಿಯಡಿ ಬದಲಿಸಿಕೊಳ್ಳುವುದೇ ಕ್ಷೇಮ.