ಟ್ರಫಲ್ ತೋಟದ ಮಣ್ಣು

ಟ್ರಫಲ್ ನೆಲದೊಳಗೆ ಬೆಳೆಯುವ ಒಂದು ಬಗೆಯ ಅಣಬೆ. ಅದೇ ಹೆಸರಿನ ಚಾಕೊಲೇಟ್ ಉಂಡೆಗೂ ಇದಕ್ಕೂ ಇರುವುದು ಹೊರರೂಪದ ಹೋಲಿಕೆಯಷ್ಟೇ. ಇದರ ಬೆಲೆಬಾಳುವ ಜಾತಿಗಳಲ್ಲೊಂದಾದ ಕಪ್ಪು ಟ್ರಫಲ್ (ಟ್ಯೂಬರ್ ಮೆಲನೋಸ್ಪೋರಮ್) ಮೂಲತಃ ಫ್ರಾನ್ಸ್, ಸ್ಪೇನ್, ಇಟಲಿಗಳ ಸುಣ್ಣಕಲ್ಲಿನ ನೆಲದ್ದು. ಈ ಶಿಲೀಂಧ್ರದ ಎಳೆಗಳು ಓಕ್, ಹೇಜಲ್ ಮರಗಳ ಎಳೆಬೇರನ್ನು ಹೊದಿಕೆಯಂತೆ ಆವರಿಸಿ, ಮರಕ್ಕೆ ನೀರು ಮತ್ತು ಖನಿಜಾಂಶಗಳನ್ನು ಒದಗಿಸಿ, ಪ್ರತಿಯಾಗಿ ಸಕ್ಕರೆಯನ್ನು ಪಡೆಯುತ್ತವೆ. ಇಂದಿನ ತೋಟಗಳಲ್ಲಿ ಶಿಲೀಂಧ್ರವನ್ನು ಮೊದಲೇ ಬೇರಿಗೆ ಕೂಡಿಸಿದ ಸಸಿಗಳನ್ನೇ ನೆಡುತ್ತಾರೆ. ಆ ಕೂಟ ಉಳಿಯುವುದೋ ಅಳಿಯುವುದೋ ಎಂಬುದು ಬಹುಮಟ್ಟಿಗೆ ಮಣ್ಣನ್ನು ಅವಲಂಬಿಸಿದೆ.

ಪಶ್ಚಿಮ ಆಸ್ಟ್ರೇಲಿಯದ ಮಂಜಿಮಪ್ ಇದಕ್ಕೆ ಒಳ್ಳೆಯ ನಿದರ್ಶನ. ಕ್ಯಾರಿ, ಜಾರಾ ಎಂಬ ನೀಲಗಿರಿ ಜಾತಿಯ ಮರಗಳ ಕಾಡುಸೀಮೆಯಾದ ಅಲ್ಲಿನ ಮಣ್ಣು ಸಹಜವಾಗಿ ಆಮ್ಲೀಯ. ಕಪ್ಪು ಟ್ರಫಲ್‌ಗೆ ಬೇಕಾದುದು ಸುಮಾರು 7.5ರಿಂದ 8.3ರವರೆಗಿನ ಪಿಎಚ್, ಎಂದರೆ ಕ್ಷಾರೀಯ ಮಣ್ಣು. ಪಿಎಚ್ ಒಂದು ಅಂಕ ಬದಲಾದರೆ ಆಮ್ಲೀಯತೆ ಹತ್ತು ಪಟ್ಟು ಬದಲಾಗುತ್ತದೆ. ಆದಕಾರಣ ಅಲ್ಲಿಯ ಬೆಳೆಗಾರರು ಹೆಕ್ಟೇರಿಗೆ ಹತ್ತಾರು ಟನ್ ಸುಣ್ಣಕಲ್ಲಿನ ಪುಡಿಯನ್ನು ಮಣ್ಣಿಗೆ ಬೆರೆಸಬೇಕಾಯಿತು. 2003ರಲ್ಲಿ ಅಲ್ಲಿ ಮೊದಲ ಟ್ರಫಲ್ ದೊರೆಯಿತು.

ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದೆ, ನಿಜ. ಆದರೆ ಅದರ ಇನ್ನೊಂದು ಕೆಲಸ ಅಷ್ಟೇ ದೊಡ್ಡದು. ಸುತ್ತಲಿನ ಕಾಡುಮರಗಳ ಬೇರುಗಳಲ್ಲಿ ಆಮ್ಲೀಯ ಮಣ್ಣಿಗೆ ಒಗ್ಗಿದ ಬೇರೆ ಶಿಲೀಂಧ್ರಗಳಿವೆ; ಅವು ತೋಟಕ್ಕೆ ನುಗ್ಗಿ ಟ್ರಫಲ್‌ನ ಜಾಗವನ್ನು ಆಕ್ರಮಿಸಬಲ್ಲವು. ಕ್ಷಾರೀಯ ಮಣ್ಣು ಅವುಗಳಲ್ಲಿ ಅನೇಕವನ್ನು ತಡೆಯುವ ಬೇಲಿ. ಸುಣ್ಣಕಲ್ಲು ನಿಧಾನವಾಗಿ ಕರಗುತ್ತದೆ, ತಾನಾಗಿ ಆಳಕ್ಕೆ ಇಳಿಯುವುದೂ ಕಡಿಮೆ. ನೆಟ್ಟ ಮೇಲೆ ಆಳವಾಗಿ ಉತ್ತರೆ ಟ್ರಫಲ್ ಹುಟ್ಟಬೇಕಾದ ಬೇರುಗಳೇ ಕತ್ತರಿಸಿಹೋಗುತ್ತವೆ. ಹೀಗಾಗಿ ಮಣ್ಣಿನ ಪರೀಕ್ಷೆಯೂ ಸುಣ್ಣದ ಬೆರಕೆಯೂ ನಾಟಿಗೆ ಮೊದಲೇ ಮುಗಿಯಬೇಕು. ಆಗ ಮಾಡಿದ ಉಳಿತಾಯ ದುಬಾರಿಯಾಗಿ ಪರಿಣಮಿಸುತ್ತದೆ. ಸುಣ್ಣ ಅತಿಯಾದರೂ ತೊಂದರೆಯೇ: ಕಬ್ಬಿಣದ ಅಂಶ ಬೇರಿಗೆ ದಕ್ಕದೆ ಎಲೆಗಳು ಹಳದಿಗಟ್ಟುತ್ತವೆ.

ಮಣ್ಣಿನ ಹದವೂ ಮುಖ್ಯ. ಬಿಗಿಯಾದ ಜೇಡಿಮಣ್ಣಿನಲ್ಲಿ ನೀರು ನಿಂತು ಗಾಳಿಯಾಡುವುದಿಲ್ಲ. ಬರಿಯ ಮರಳು ಬೇಸಗೆಯಲ್ಲಿ ಬೇಗ ಒಣಗಿ ಎಳೆಯ ಟ್ರಫಲ್‌ಗಳನ್ನು ಕೊಲ್ಲುತ್ತದೆ. ರಂಜಕ ಹೇರಳವಾಗಿರುವ ನೆಲದಲ್ಲಿ ಮರಕ್ಕೆ ಶಿಲೀಂಧ್ರದ ಹಂಗು ಕಡಿಮೆ, ಬೇರಿನ ಕೂಟ ಸಡಿಲಗೊಳ್ಳುತ್ತದೆ. ಯೂರೋಪಿನ ತೋಟಗಳಲ್ಲಂತೂ ತೇವವೂ ಸಾವಯವ ಅಂಶವೂ ಹೆಚ್ಚಾದ ಮಣ್ಣಿನಲ್ಲಿ ಅಗ್ಗದ ದಾಯಾದಿಯಾದ ಟ್ಯೂಬರ್ ಬ್ರೂಮಾಲೆ ಮೇಲುಗೈ ಪಡೆಯುವುದುಂಟು.

ಕೆಲವು ವರ್ಷಗಳ ಬಳಿಕ ಮರದ ಸುತ್ತ ಹುಲ್ಲು ಸತ್ತು, ಸುಟ್ಟಂತೆ ಕಾಣುವ ಬರಿನೆಲ ಮೂಡುತ್ತದೆ. ಫ್ರೆಂಚರು ಇದನ್ನು ಬ್ರೂಲೆ ಎನ್ನುತ್ತಾರೆ. ಅದು ಶಿಲೀಂಧ್ರ ಬದುಕಿರುವುದರ ಕುರುಹು, ಫಸಲಿನ ಭರವಸೆಯಲ್ಲ. ಫಸಲು ಬಂದಿದ್ದರೆ, ಮಂಜಿಮಪ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲಿ, ಪಳಗಿದ ನಾಯಿಗಳು ಮೂಸಿ ತೋರಿಸುತ್ತವೆ.