ಸಾಲದ ಪಾಲು, ಆಸ್ತಿಯ ಪಾಲು: ಹೂಡಿಕೆ ಟ್ರಸ್ಟುಗಳ ಇತಿಹಾಸದ ಒಂದು ಎಳೆ

ಅನೇಕರ ಉಳಿತಾಯವನ್ನು ಒಂದೆಡೆ ಸೇರಿಸಿ ಷೇರು ಮತ್ತು ಬಾಂಡುಗಳಲ್ಲಿ ತೊಡಗಿಸುವ ಸಂಸ್ಥೆಯೊಂದು, ಆ ಉಳಿತಾಯದ ಮೇಲೆ ಹೊರಗಿನ ಸಾಲವನ್ನೂ ತಂದು ಹೂಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ರೂಪುಗೊಂಡಿತು. ಇಂಥ ಸಂಸ್ಥೆಗಳನ್ನು ಇನ್ವೆಸ್ಟ್‌ಮೆಂಟ್ ಟ್ರಸ್ಟ್ ಎಂದು ಕರೆಯಲಾಯಿತು. ಅವುಗಳ ಆಸ್ತಿಯಲ್ಲಿ ಸಾಲದ ಪಾಲು ಎಷ್ಟಿರಬೇಕು, ಅದನ್ನು ಯಾವ ಅಳತೆಯಿಂದ ಅಳೆಯಬೇಕು ಎಂಬ ಪ್ರಶ್ನೆ ಇತ್ಯರ್ಥಕ್ಕೆ ಬರುವ ಹೊತ್ತಿಗೆ ಸುಮಾರು ಏಳು ದಶಕಗಳು ಕಳೆದಿದ್ದವು. ಪೂರ್ತಿ ಇತ್ಯರ್ಥವಾಯಿತೆಂದು ಈಗಲೂ ಹೇಳಲಾಗದು.

ಈ ಬಗೆಯ ಸಂಸ್ಥೆಗಳಲ್ಲಿ ಹಿರಿಯದೆಂದು ಎಣಿಸಲಾಗುವ ಫಾರಿನ್ ಅಂಡ್ ಕಲೋನಿಯಲ್ ಗವರ್ನಮೆಂಟ್ ಟ್ರಸ್ಟ್ 1868ರಲ್ಲಿ ಲಂಡನ್ನಿನಲ್ಲಿ ಆರಂಭವಾದಾಗ ಸಾಲದ ಯೋಚನೆ ಅದಕ್ಕಿರಲಿಲ್ಲ. ಒಂದೊಂದು ಪ್ರಮಾಣಪತ್ರವನ್ನು 85 ಪೌಂಡಿಗೆ ಮಾರಿ, ಬಂದ ಹಣವನ್ನು ಬೇರೆ ಬೇರೆ ದೇಶಗಳ ಸರ್ಕಾರಿ ಬಾಂಡುಗಳಲ್ಲಿ ಹಂಚಿ, ದೊಡ್ಡ ಬಂಡವಾಳಗಾರರಿಗೆ ಮಾತ್ರ ಎಟಕುತ್ತಿದ್ದ ಸೌಲಭ್ಯವನ್ನು ಸಣ್ಣ ಉಳಿತಾಯಗಾರರಿಗೂ ಒದಗಿಸುವುದಷ್ಟೇ ಅದರ ಉದ್ದೇಶವಾಗಿತ್ತು. ಐದು ವರ್ಷಗಳ ಬಳಿಕ, 1873ರಲ್ಲಿ, ಬಂಗಾಳದ ಸೆಣಬನ್ನು ನೇಯ್ದು ಶ್ರೀಮಂತವಾಗಿದ್ದ ಸ್ಕಾಟ್ಲೆಂಡಿನ ಡಂಡಿ ನಗರದಲ್ಲಿ ರಾಬರ್ಟ್ ಫ್ಲೆಮಿಂಗ್ ಎಂಬ ಯುವಕ ಸ್ಕಾಟಿಷ್ ಅಮೆರಿಕನ್ ಇನ್ವೆಸ್ಟ್‌ಮೆಂಟ್ ಟ್ರಸ್ಟನ್ನು ಕಟ್ಟಿ, ಊರಿನ ವರ್ತಕರ ಹಣವನ್ನು ಅಮೆರಿಕದ ರೈಲ್ವೆ ಬಾಂಡುಗಳತ್ತ ಹರಿಸಿದ.

ಇವುಗಳ ಸ್ವರೂಪವನ್ನು ಬದಲಿಸಿದ್ದು ಮಾರುಕಟ್ಟೆಯಲ್ಲ, ನ್ಯಾಯಾಲಯ. 1879ರಲ್ಲಿ ಸೈಕ್ಸ್ ಮತ್ತು ಬೀಡನ್ ಪ್ರಕರಣದ ತೀರ್ಪು, ಇಪ್ಪತ್ತಕ್ಕಿಂತ ಹೆಚ್ಚು ಜನ ಸೇರಿದ ಇಂಥ ಕೂಟಗಳು ಕಂಪನಿಗಳಾಗಿ ನೋಂದಣಿಯಾಗದಿದ್ದರೆ ಕಾನೂನುಬಾಹಿರ ಎಂದಿತು. ಮರುವರ್ಷವೇ ಸ್ಮಿತ್ ಮತ್ತು ಆಂಡರ್ಸನ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಈ ನಿಲುವನ್ನು ತಳ್ಳಿಹಾಕಿತಾದರೂ, ಅಷ್ಟರಲ್ಲಿ ಫಾರಿನ್ ಅಂಡ್ ಕಲೋನಿಯಲ್ ಸೇರಿದಂತೆ ಹಲವು ಟ್ರಸ್ಟುಗಳು, ಹೆಸರಿನಲ್ಲಿ ಟ್ರಸ್ಟ್ ಎಂಬುದನ್ನು ಉಳಿಸಿಕೊಂಡೇ, ಕಂಪನಿಗಳಾಗಿ ಮಾರ್ಪಟ್ಟಿದ್ದವು. ಕಂಪನಿಯಾದ ಮೇಲೆ ಸಾಮಾನ್ಯ ಷೇರು, ನಿಗದಿತ ಲಾಭಾಂಶದ ಆದ್ಯತಾ ಷೇರು ಮತ್ತು ಡಿಬೆಂಚರು, ಅಂದರೆ ನಿಶ್ಚಿತ ಬಡ್ಡಿಯ ದೀರ್ಘಾವಧಿ ಸಾಲಪತ್ರ, ಇವುಗಳನ್ನು ಒಂದರ ಮೇಲೊಂದು ಪೇರಿಸುವುದು ಸುಲಭವಾಯಿತು.

ಈ ಏರ್ಪಾಟಿನ ಆಕರ್ಷಣೆಯೂ ಅಪಾಯವೂ ಒಂದೇ ಲೆಕ್ಕದಲ್ಲಿ ಅಡಗಿವೆ. ಟ್ರಸ್ಟೊಂದರ ಬಳಿ ಷೇರುದಾರರ 5 ಲಕ್ಷ ಪೌಂಡು ಮತ್ತು ಶೇ. 4ರ ಬಡ್ಡಿಯ ಡಿಬೆಂಚರಿನಿಂದ ಬಂದ 5 ಲಕ್ಷ ಪೌಂಡು ಇದೆಯೆಂದೂ, ಈ 10 ಲಕ್ಷದ ಹೂಡಿಕೆ ಶೇ. 5.5ರಷ್ಟು ಗಳಿಸುತ್ತದೆಯೆಂದೂ ಇಟ್ಟುಕೊಂಡರೆ, ಬಂದ 55 ಸಾವಿರದಲ್ಲಿ 20 ಸಾವಿರ ಬಡ್ಡಿಗೆ ಹೋಗಿ ಉಳಿದ 35 ಸಾವಿರ, ಅಂದರೆ ಶೇ. 7, ಷೇರುದಾರರಿಗೆ ಸಿಗುತ್ತದೆ. ಗಳಿಕೆ ಶೇ. 3.5ಕ್ಕೆ ಇಳಿದರೆ ಅವರಿಗೆ ಉಳಿಯುವುದು ಶೇ. 3 ಮಾತ್ರ. ಆಸ್ತಿಯ ಬೆಲೆಯೇ ಐದನೆಯ ಒಂದು ಪಾಲು ಕುಸಿದು 8 ಲಕ್ಷಕ್ಕೆ ಬಂದರಂತೂ ಸಾಲ 5 ಲಕ್ಷವಾಗಿಯೇ ನಿಂತಿರುವುದರಿಂದ ಷೇರುದಾರರ ಪಾಲು 3 ಲಕ್ಷಕ್ಕೆ ಕುಗ್ಗುತ್ತದೆ, ಶೇ. 20ರ ಕುಸಿತ ಅವರ ಮಟ್ಟಿಗೆ ಶೇ. 40ರ ನಷ್ಟವಾಗುತ್ತದೆ. ಟ್ರಸ್ಟ್ ಹೊಸದಾಗಿ ಒಂದು ಪೌಂಡನ್ನೂ ಸಾಲ ಪಡೆಯದಿದ್ದರೂ ಆಸ್ತಿಯಲ್ಲಿ ಸಾಲದ ಪಾಲು ಶೇ. 50ರಿಂದ ಶೇ. 62.5ಕ್ಕೆ ಏರಿರುತ್ತದೆ. ಸಾಲ ತೆಗೆದ ದಿನದ ಅನುಪಾತವೊಂದನ್ನೇ ನೋಡಿ ನಿಧಿಯ ಸ್ಥಿತಿಯನ್ನು ಅಳೆಯುವವರು ತಪ್ಪುವುದು ಇಲ್ಲಿಯೇ.

1890ರ ನವೆಂಬರಿನಲ್ಲಿ ಅರ್ಜೆಂಟೀನಾದ ಸಾಲಗಳಲ್ಲಿ ಸಿಲುಕಿದ ಬೇರಿಂಗ್ ಬ್ಯಾಂಕು ಮುಗ್ಗರಿಸಿದಾಗ ಈ ಲೆಕ್ಕ ಕಾಗದದಿಂದ ಹೊರಬಂದಿತು. ಹಿಂದಿನ ನಾಲ್ಕಾರು ವರ್ಷಗಳ ಉಬ್ಬರದಲ್ಲಿ ಹುಟ್ಟಿದ್ದ ಅನೇಕ ಟ್ರಸ್ಟುಗಳ ಆಸ್ತಿ ಕರಗಿ, ಸಾಮಾನ್ಯ ಷೇರುದಾರರು ವರ್ಷಗಟ್ಟಲೆ ಲಾಭಾಂಶವಿಲ್ಲದೆ ಕಾಯಬೇಕಾಯಿತು. ಆದರೂ ಡಿಬೆಂಚರಿಗೆ ಒಂದು ಗುಣವಿತ್ತು: ಬಡ್ಡಿ ಸಲ್ಲುತ್ತಿರುವವರೆಗೆ, ಅವಧಿಗೆ ಮುನ್ನ ಅಸಲನ್ನು ಮರಳಿ ಕೇಳುವ ಅಧಿಕಾರ ಸಾಮಾನ್ಯವಾಗಿ ಸಾಲಿಗನಿಗೆ ಇರಲಿಲ್ಲ. ಬಿದ್ದ ಬೆಲೆಗೆ ಆಸ್ತಿ ಮಾರುವ ಒತ್ತಡವಿಲ್ಲದ ಕಾರಣ, ಎಚ್ಚರದಿಂದ ನಡೆದ ಟ್ರಸ್ಟುಗಳು ಮಾರುಕಟ್ಟೆ ಚೇತರಿಸುವವರೆಗೆ ಉಸಿರು ಹಿಡಿದು ನಿಲ್ಲಬಹುದಾಗಿತ್ತು. ಸಾಲದ ಪ್ರಮಾಣದಷ್ಟೇ ಸಾಲದ ಅವಧಿಯೂ ಮುಖ್ಯವೆಂಬ ಈ ಸಂಗತಿಯನ್ನು ಮುಂದಿನ ತಲೆಮಾರುಗಳು ಮರೆಯುವುದರಲ್ಲಿ ವಿಶೇಷ ನೈಪುಣ್ಯ ತೋರಿದವು.

ಅಮೆರಿಕ ಈ ಪದ್ಧತಿಯನ್ನು ಎರವಲು ಪಡೆದದ್ದು 1920ರ ದಶಕದಲ್ಲಿ. 1924ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮ್ಯಾಸಚೂಸೆಟ್ಸ್ ಇನ್ವೆಸ್ಟರ್ಸ್ ಟ್ರಸ್ಟ್ ಒಂದೇ ಬಗೆಯ ಪಾಲುಗಳನ್ನು ಮಾರಿ, ಹೂಡಿಕೆದಾರ ಕೇಳಿದಾಗ ಅಂದಿನ ಬೆಲೆಗೆ ಹಣ ಹಿಂದಿರುಗಿಸುವ ಸರಳ ಮಾರ್ಗ ಹಿಡಿಯಿತು. ಇಂದಿನ ಮ್ಯೂಚುವಲ್ ಫಂಡುಗಳ ಪೂರ್ವಜ ಅದು. ಜನರ ಕಣ್ಣು ಮಾತ್ರ ಬೇರೆಡೆಯಿತ್ತು. ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆ 1928ರ ಡಿಸೆಂಬರಿನಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಟ್ರೇಡಿಂಗ್ ಕಾರ್ಪೊರೇಷನ್ ಎಂಬ ಟ್ರಸ್ಟನ್ನು ಸ್ಥಾಪಿಸಿ ಅದರ ಷೇರುಗಳನ್ನು ಸಾರ್ವಜನಿಕರಿಗೆ 104 ಡಾಲರಿಗೆ ಮಾರಿತು. ಆ ಟ್ರಸ್ಟು 1929ರ ಜುಲೈಯಲ್ಲಿ ಶೆನಾಂಡೋವಾ ಎಂಬ ಇನ್ನೊಂದನ್ನು ಹುಟ್ಟಿಸುವುದರಲ್ಲಿ ಪಾಲುದಾರನಾಯಿತು. ಶೆನಾಂಡೋವಾ ಮರುತಿಂಗಳೇ ಬ್ಲೂ ರಿಜ್ ಎಂಬ ಮೂರನೆಯದನ್ನು ಹುಟ್ಟಿಸಿತು. ಶೆನಾಂಡೋವಾ ಮತ್ತು ಬ್ಲೂ ರಿಜ್ ಸಾಮಾನ್ಯ ಷೇರುಗಳ ಜೊತೆಗೆ ಆದ್ಯತಾ ಷೇರುಗಳನ್ನೂ ಹೊರಡಿಸಿದ್ದವು. ಹೆಸರಿಗೆ ಅವು ಷೇರುಗಳಾದರೂ, ಆಸ್ತಿ ಏರಲಿ ಇಳಿಯಲಿ ಅವುಗಳ ಹಕ್ಕು ಬಹುಮಟ್ಟಿಗೆ ನಿಗದಿತವಾದ್ದರಿಂದ, ಕೆಳಗಿನ ಸಾಮಾನ್ಯ ಷೇರುದಾರರಿಗೆ ಅವುಗಳ ಭಾರ ಸಾಲದ ಭಾರಕ್ಕಿಂತ ಭಿನ್ನವಾಗಿರಲಿಲ್ಲ.

ಇಲ್ಲಿ ಅನುಪಾತವೆಂಬುದೇ ಅರ್ಥ ಕಳೆದುಕೊಂಡಿತು. ಶೆನಾಂಡೋವಾದ ಆಸ್ತಿಯ ದೊಡ್ಡ ಪಾಲು ಬ್ಲೂ ರಿಜ್‌ನ ಷೇರುಗಳು, ಮೇಲಿನ ಟ್ರಸ್ಟಿನ ಆಸ್ತಿಯಲ್ಲಿ ಶೆನಾಂಡೋವಾದ ಷೇರುಗಳು. ಒಂದೊಂದು ಸಂಸ್ಥೆಯ ಲೆಕ್ಕಪತ್ರ ಪ್ರತ್ಯೇಕವಾಗಿ ನೋಡಿದಾಗ ಸಹನೀಯವಾಗಿ ಕಂಡರೂ, ಅಂತಸ್ತಿನ ಮೇಲೆ ಅಂತಸ್ತು ಏರಿದಂತೆ ತಳದ ಸಣ್ಣ ಕುಸಿತ ತುದಿಯಲ್ಲಿ ಹಲವು ಪಟ್ಟಾಗುತ್ತಿತ್ತು. 17.50 ಡಾಲರಿಗೆ ಮಾರಾಟವಾಗಿ ಮೊದಲ ದಿನವೇ 36 ಡಾಲರಿಗೆ ಜಿಗಿದಿದ್ದ ಶೆನಾಂಡೋವಾದ ಷೇರು ಮುಂದೆ 50 ಸೆಂಟಿಗೆ ಇಳಿಯಿತು. ಗೋಲ್ಡ್‌ಮನ್ ಸ್ಯಾಕ್ಸ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಷೇರು 1932ರಲ್ಲಿ ಎರಡು ಡಾಲರೂ ಬಾಳುತ್ತಿರಲಿಲ್ಲ.

1935ರಲ್ಲಿ ಅಮೆರಿಕದ ಸಂಸತ್ತು ಟ್ರಸ್ಟುಗಳ ಅಧ್ಯಯನವನ್ನು ಅಲ್ಲಿನ ಷೇರುಪೇಟೆ ನಿಯಂತ್ರಣ ಆಯೋಗಕ್ಕೆ ಒಪ್ಪಿಸಿತು. ಅದರ ಫಲವಾಗಿ 1940ರ ಹೂಡಿಕೆ ಕಂಪನಿ ಕಾಯಿದೆ ಬಂದಿತು. ಅದರ 18ನೆಯ ವಿಧಿ ಪ್ರಶ್ನೆಯನ್ನೇ ತಿರುಗಿಸಿ ಇಟ್ಟದ್ದು ಗಮನಾರ್ಹ. ಆಸ್ತಿಯಲ್ಲಿ ಸಾಲ ಎಷ್ಟು ಎಂದು ಕೇಳುವ ಬದಲು, ಸಾಲವನ್ನು ಆಸ್ತಿ ಎಷ್ಟು ಪಟ್ಟು ಹೊದಿಸಿದೆ ಎಂದು ಅದು ಕೇಳಿತು. ಷೇರುಗಳ ಸಂಖ್ಯೆ ಸ್ಥಿರವಾಗಿರುವ ನಿಧಿಯು ಸಾಲಪತ್ರ ಹೊರಡಿಸಿದಾಗ ಆಸ್ತಿ ಸಾಲದ ಶೇ. 300ರಷ್ಟಿರಬೇಕು, ಆದ್ಯತಾ ಷೇರಿಗೆ ಶೇ. 200 ಸಾಕು. ಅಂದರೆ ಸಾಲ ಆಸ್ತಿಯ ಮೂರನೆಯ ಒಂದು ಪಾಲನ್ನು ಮೀರಬಾರದು. ಇಲ್ಲಿ ಆಸ್ತಿಯೆಂದರೆ ಒಟ್ಟು ಆಸ್ತಿಯಿಂದ ಚಿಲ್ಲರೆ ಬಾಕಿಗಳನ್ನೆಲ್ಲ ಕಳೆದು ಉಳಿದದ್ದು. ಮಾರುಕಟ್ಟೆ ಕುಸಿದು ಹೊದಿಕೆ ತೆಳುವಾದ ಮಾತ್ರಕ್ಕೆ ಇಂಥ ನಿಧಿ ಅಪರಾಧಿಯಾಗುವುದಿಲ್ಲ; ಆದರೆ ಹೊದಿಕೆ ಮೊದಲಿನ ಮಟ್ಟಕ್ಕೆ ಬರುವವರೆಗೆ ಸಾಮಾನ್ಯ ಷೇರಿಗೆ ನಗದು ಲಾಭಾಂಶ ಘೋಷಿಸುವಂತಿಲ್ಲ. ಕಾಯಿದೆಯ ನಿಜವಾದ ಹಲ್ಲು ಇರುವುದು ಈ ಎರಡನೆಯ ಮಾತಿನಲ್ಲಿ. ಕೇಳಿದಾಗ ಹಣ ಮರಳಿಸಬೇಕಾದ ಮ್ಯೂಚುವಲ್ ಫಂಡುಗಳಿಗಂತೂ ಸಾಲಪತ್ರವೇ ನಿಷಿದ್ಧವಾಗಿ, ಬ್ಯಾಂಕ್ ಸಾಲವಷ್ಟೇ, ಅದೂ ಅದೇ ಶೇ. 300ರ ಮಿತಿಯೊಳಗೆ, ಉಳಿಯಿತು.

ಬ್ರಿಟನ್ನಿನಲ್ಲಿ ಇಂಥ ಸಂಖ್ಯೆಯ ಕಟ್ಟುಪಾಡು ಇರಲಿಲ್ಲ. ಸಂಪ್ರದಾಯದ ಎಚ್ಚರವೇ ಸಾಕೆಂಬ ನಂಬಿಕೆಯಿತ್ತು. 2000ದಿಂದ 2002ರವರೆಗಿನ ಕುಸಿತದಲ್ಲಿ ಅಲ್ಲಿನ ಸ್ಪ್ಲಿಟ್ ಕ್ಯಾಪಿಟಲ್ ಟ್ರಸ್ಟುಗಳು, ಅಂದರೆ ವರಮಾನವನ್ನು ಒಂದು ಬಗೆಯ ಷೇರಿಗೂ ಬೆಳವಣಿಗೆಯನ್ನು ಇನ್ನೊಂದಕ್ಕೂ ಹಂಚುವ ಟ್ರಸ್ಟುಗಳು, 1929ರ ಕಥೆಯನ್ನೇ ಮತ್ತೆ ನಡೆಸಿದವು. ಅವುಗಳಲ್ಲಿ ಕೆಲವು ಒಂದು ಇನ್ನೊಂದರ ಷೇರನ್ನು ಕೊಂಡಿದ್ದವು. ತಂದಿದ್ದ ಸಾಲವೂ ಡಂಡಿಯವರ ಡಿಬೆಂಚರಲ್ಲ, ಆಸ್ತಿ ಇಂತಿಷ್ಟಕ್ಕಿಂತ ಇಳಿದರೆ ಹಿಂದಿರುಗಿಸಬೇಕೆಂಬ ಷರತ್ತಿನ ಬ್ಯಾಂಕ್ ಸಾಲ. ಬೆಲೆ ಬಿದ್ದಾಗ ಷರತ್ತು ಮುರಿದು, ಮಾರಲೇಬೇಕಾಗಿ ಬಂದು, ಆ ಮಾರಾಟವೇ ಬೆಲೆಯನ್ನು ಮತ್ತಷ್ಟು ಕೆಡವಿತು. ಅಪಾಯ ಕಡಿಮೆಯೆಂದು ನಂಬಿ ಕೊಂಡಿದ್ದ ಸಾವಿರಾರು ಉಳಿತಾಯಗಾರರು ನಷ್ಟ ಅನುಭವಿಸಿದರು.

ಭಾರತದ ಕಾನೂನು ಅಮೆರಿಕದ ಅನುಭವದ ನಂತರ ಬಂದದ್ದು. ಸೆಬಿಯ 1996ರ ನಿಯಮಗಳು ಮ್ಯೂಚುವಲ್ ಫಂಡುಗಳಿಗೆ ದೀರ್ಘಾವಧಿ ಸಾಲದ ಬಾಗಿಲನ್ನೇ ಮುಚ್ಚಿ, ಹಣ ಮರಳಿಸುವಂಥ ತಾತ್ಕಾಲಿಕ ಅಗತ್ಯಕ್ಕೆ ನಿವ್ವಳ ಆಸ್ತಿಯ ಶೇ. 20ರವರೆಗೆ, ಆರು ತಿಂಗಳ ಮಿತಿಯಲ್ಲಿ, ಸಾಲಕ್ಕೆ ಅವಕಾಶ ಕೊಟ್ಟವು. ದೀರ್ಘಾವಧಿ ಸಾಲ ಮರಳಿ ಬಂದದ್ದು 2014ರ ನಿಯಮಗಳಡಿ ಸ್ಥಾಪನೆಯಾದ, ಕಟ್ಟಡ ಮತ್ತು ರಸ್ತೆಗಳಂಥ ಆಸ್ತಿಗಳ ಟ್ರಸ್ಟುಗಳ ಮೂಲಕ. ಬೆಂಗಳೂರಿನ ಮಾನ್ಯತಾದಂಥ ಕಚೇರಿ ಸಂಕೀರ್ಣಗಳನ್ನು ಒಳಗೊಂಡು 2019ರ ಏಪ್ರಿಲಿನಲ್ಲಿ ಷೇರುಪೇಟೆಗೆ ಬಂದ ಎಂಬೆಸಿ ಆಫೀಸ್ ಪಾರ್ಕ್ಸ್ ಈ ಬಗೆಯ ಕಟ್ಟಡ ಟ್ರಸ್ಟುಗಳಲ್ಲಿ ದೇಶದ ಮೊದಲನೆಯದು. ಇವುಗಳ ನಿವ್ವಳ ಸಾಲ ಆಸ್ತಿಯ ಮೌಲ್ಯದ ಶೇ. 49ನ್ನು ಮೀರುವಂತಿಲ್ಲ. ಕಚೇರಿ ಕಟ್ಟಡಕ್ಕೆ ಷೇರಿನಂತೆ ದಿನದಿನದ ಬೆಲೆಯಿಲ್ಲದ ಕಾರಣ ಆ ಮೌಲ್ಯ ಸ್ವತಂತ್ರ ಮೌಲ್ಯಮಾಪಕರ ಅಂದಾಜನ್ನು ಅವಲಂಬಿಸುತ್ತದೆ. ಹೀಗಾಗಿ ಅನುಪಾತದ ಒಂದು ತುದಿ ಬ್ಯಾಂಕಿನ ಕಾಗದದಷ್ಟು ಖಚಿತ, ಇನ್ನೊಂದು ಮುಂಬರುವ ಬಾಡಿಗೆಯ ಊಹೆ.

ರಸ್ತೆ ಮತ್ತು ವಿದ್ಯುತ್ ಮಾರ್ಗಗಳ ಟ್ರಸ್ಟುಗಳಿಗೆ 2019ರಲ್ಲಿ ಈ ಮಿತಿಯನ್ನು ಶೇ. 70ರವರೆಗೆ ಏರಿಸಿ, ಅದಕ್ಕೆ ಅತ್ಯುನ್ನತ ಸಾಲಯೋಗ್ಯತಾ ಶ್ರೇಣಿ ಮತ್ತು ಕನಿಷ್ಠ ಆರು ಬಾರಿ ವರಮಾನ ಹಂಚಿದ ದಾಖಲೆ ಇರಬೇಕೆಂಬ ಷರತ್ತುಗಳನ್ನು ಇಡಲಾಯಿತು. ಸುಂಕದ ವರಮಾನ ಷೇರುಪೇಟೆಗಿಂತ ಸ್ಥಿರವೆಂಬ ವಾದಕ್ಕೆ ಹುರುಳಿದೆ. ಆದರೆ ಸುಂಕ ವಸೂಲಿಯ ಗುತ್ತಿಗೆಗೆ ಒಂದು ಕೊನೆಯ ದಿನವಿರುವುದರಿಂದ, ಅಂಥ ರಸ್ತೆಯ ಮೌಲ್ಯ ಮಾರುಕಟ್ಟೆ ಕುಸಿಯದಿದ್ದರೂ ಆ ದಿನ ಹತ್ತಿರವಾದಂತೆ ಸವೆಯುತ್ತ ಬರುತ್ತದೆ. ಅದರ ಮೇಲಿನ ಸಾಲದ ಅಸಲು ಅದೇ ವೇಗದಲ್ಲಿ ತೀರದಿದ್ದರೆ, ಹೊಸ ಸಾಲವಿಲ್ಲದೆಯೂ ಅನುಪಾತ ಏರುತ್ತಲೇ ಹೋಗುತ್ತದೆ.