ನಮ್ಮ ಕಣ್ಣಪ್ಪ, ನಿಮ್ಮ ಕಣ್ಣಪ್ಪ

2025ರ ಜೂನ್ ತಿಂಗಳು. ಬಾಗಲವಾಡದ ಚಹಾದ ಹೋಟೆಲಿನಲ್ಲಿ ಕುಂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹುಡುಗರು ಒಂದೇ ಮೊಬೈಲಿನಲ್ಲಿ ತೆಲುಗಿನ ಹೊಸ 'ಕಣ್ಣಪ್ಪ' ಸಿನಿಮಾದ ಟ್ರೇಲರ್ ನೋಡುತ್ತಿದ್ದರು. ಒಬ್ಬ ನಮ್ಮೂರಿನವನು, ಇನ್ನೊಬ್ಬ ಕ್ಯಾಂಪಿನಿಂದ ಟ್ರ್ಯಾಕ್ಟರ್ ಕೆಲಸಕ್ಕೆ ಬಂದವನು. ಪ್ರಭಾಸ್ ಕಾಣಿಸಿದ ಕೂಡಲೇ ಕ್ಯಾಂಪಿನ ಹುಡುಗ ಸಿಳ್ಳೆ ಹೊಡೆದ. ನಮ್ಮವ ಮುಖ ಸಿಂಡರಿಸಿದ. "ಏನಲೇ ಇದು, ಕಾಡು ನೋಡಿದ್ರ ಫಾರಿನ್ ಇದ್ದಂಗ ಐತಿ. ಕಣ್ಣಪ್ಪ ಅಂದ್ರ ರಾಜಕುಮಾರ. ಮುಗೀತು."

ಅವನ ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ. ರಾಜಕುಮಾರ್ ತೀರಿಕೊಂಡಾಗ ಇವನು ಅಂಗನವಾಡಿಗೂ ಹೋಗಿರಲಿಕ್ಕಿಲ್ಲ. ಅಂದಮೇಲೆ ಈ ಸಿಟ್ಟು ಇವನಿಗೆ ಎಲ್ಲಿಂದ ಬಂತು? ಅದನ್ನು ಹುಡುಕಿಕೊಂಡು ಹೋದರೆ ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. (ಕಾಡಿನ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಆ ಸಿನಿಮಾದ ಬಹುಪಾಲು ಶೂಟಿಂಗ್ ನಡೆದದ್ದು ನ್ಯೂಜಿಲೆಂಡಿನಲ್ಲಿ.)

'ಬೇಡರ ಕಣ್ಣಪ್ಪ' ತೆರೆಗೆ ಬಂದದ್ದು 1954ರಲ್ಲಿ. ಆಗ ನಮ್ಮ ರಾಯಚೂರು ಜಿಲ್ಲೆ ಮೈಸೂರು ರಾಜ್ಯದಲ್ಲಿ ಇರಲಿಲ್ಲ, ಹೈದರಾಬಾದ್ ರಾಜ್ಯದಲ್ಲಿತ್ತು. ಇನ್ನೂ ಎರಡು ವರ್ಷ ಬಿಟ್ಟು, 1956ರ ನವೆಂಬರ್ 1ರಂದು ನಾವು ಈ ಕಡೆ ಸೇರಿದ್ದು. ಗುಬ್ಬಿ ಕಂಪನಿಯವರು ಆಡುತ್ತಿದ್ದ ನಾಟಕವನ್ನು ಎಚ್.ಎಲ್.ಎನ್. ಸಿಂಹ ಸಿನಿಮಾ ಮಾಡಿದರು. ಮುತ್ತುರಾಜ ಎಂಬ ನಾಟಕದ ಹುಡುಗನಿಗೆ ರಾಜಕುಮಾರ್ ಎಂದು ಹೆಸರಿಟ್ಟವರೂ ಅವರೇ. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಇದೇ ಚಿತ್ರದಿಂದ ಹೆಸರಾದರು. ಬೇಡ ದಿಣ್ಣನಾಗಿ ರಾಜಕುಮಾರ್, ಅವನ ಹೆಂಡತಿ ನೀಲಳಾಗಿ ಪಂಡರಿಬಾಯಿ.

ಕಥೆ ನಿಮಗೆ ಗೊತ್ತಿದ್ದದ್ದೇ. ಬೇಡ ಬಾಯಿಯಲ್ಲಿ ನೀರು ತಂದು ಲಿಂಗಕ್ಕೆ ಉಗುಳಿ ಅಭಿಷೇಕ ಮಾಡುತ್ತಾನೆ, ಬೇಟೆಯ ಮಾಂಸವನ್ನೇ ಎಡೆ ಇಡುತ್ತಾನೆ. ಲಿಂಗದ ಕಣ್ಣಿನಿಂದ ರಕ್ತ ಸುರಿದಾಗ ತನ್ನ ಒಂದು ಕಣ್ಣು ಕಿತ್ತು ಹಚ್ಚುತ್ತಾನೆ. ಎರಡನೇ ಕಣ್ಣಿನಲ್ಲೂ ರಕ್ತ ಬರುತ್ತದೆ. ಇದೂ ಕಿತ್ತರೆ ಕಾಣುವುದಿಲ್ಲವಲ್ಲ, ಜಾಗ ತಪ್ಪಬಾರದೆಂದು ಲಿಂಗದ ಮೇಲೆ ಕಾಲು ಊರುತ್ತಾನೆ.

ಬೇಡನೊಬ್ಬ ದೇವರ ಮೇಲೆ ಕಾಲಿಟ್ಟ ಕಥೆ ಇದು. ನಮ್ಮ ಕಡೆ ಇದನ್ನು ಸುಮ್ಮನೆ ನೋಡಿ ಮರೆಯುವಂತಿಲ್ಲ. ಮಾನ್ವಿ, ದೇವದುರ್ಗ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು, ರಾಯಚೂರು ಲೋಕಸಭೆಯೂ ಹಾಗೆಯೇ. ಬೇಡ ನಾಯಕರಿಲ್ಲದ ಊರು ಇಲ್ಲಿ ಸಿಗುವುದು ಕಷ್ಟ. ನಮ್ಮ ಓಣಿಯ ತಾತ ಒಬ್ಬರು, ಈಗ ಎಂಬತ್ತರ ಹತ್ತಿರ. 'ಬೇಡರ ಕಣ್ಣಪ್ಪ' ಬಂದು ಎಷ್ಟೋ ವರ್ಷದ ಮೇಲೆ ಜಾತ್ರೆಯ ಟೆಂಟಿನಲ್ಲಿ ನೆಲದ ಮೇಲೆ ಕುಂತು ನೋಡಿದವರು. "ಪಡದಿ ಮ್ಯಾಲ ನಮ್ಮವನೊಬ್ಬ ಬಂದಿದ್ದ ನೋಡಪಾ. ರಾಜ ಅಲ್ಲ, ದೇವ್ರಲ್ಲ. ಬೇಡ" ಅನ್ನುತ್ತಾರೆ. ಆ ಸಿನಿಮಾದಲ್ಲಿ ಗುಡಿಯ ಪೂಜಾರಿ ದಿಣ್ಣನ ಮೇಲೆ ಕಳ್ಳತನ ಹೊರಿಸುತ್ತಾನೆ. ಅವನಿಗೆ ಚಿತ್ರಹಿಂಸೆ ಕೊಡುವಾಗ ಟೆಂಟಿನೊಳಗೆ ಹೆಂಗಸರು ಪೂಜಾರಿಗೆ ಶಾಪ ಹಾಕಿದರಂತೆ.

ನನಗೊಂದು ಮಾತು ಇಲ್ಲಿ ಹೇಳಬೇಕು. ತಾತನ ಮಾತು ಪೂರ್ತಿ ಸರಿಯಲ್ಲ. 1954ರ ಚಿತ್ರದಲ್ಲಿ ದಿಣ್ಣ, ನೀಲ ಇಬ್ಬರೂ ಸ್ವರ್ಗದಿಂದ ಹೊರಬಿದ್ದು ಬೇಡರಲ್ಲಿ ಹುಟ್ಟಿದವರು. ಬರೀ ಬೇಡನಾಗಿದ್ದರೆ ಸಾಲದು, ಹಿಂದಿನ ಜನ್ಮದಲ್ಲಿ ದೊಡ್ಡವನಾಗಿರಬೇಕು ಎಂಬುದು ಕಥೆ ಕಟ್ಟುವವರ ಚಟ. ಎಂಟುನೂರು ವರ್ಷದ ಹಿಂದೆ ನಮ್ಮ ಹರಿಹರ ಕಣ್ಣಪ್ಪನ ಮೇಲೆ ರಗಳೆ ಬರೆದ. ಅವನಿಗೆ ಬೇಡನ ಮುಗ್ಧ ಭಕ್ತಿಯೇ ಸಾಕಾಗಿತ್ತು. ಇದನ್ನು ತಾತನಿಗೆ ಹೇಳಿದರೆ, "ಮೊದಲನೇದು ಹತ್ತು ನಿಮಿಷ ನಾ ನೋಡಿಲ್ಲ ಬಿಡು, ಜಾಗ ಹುಡುಕ್ತಿದ್ದೆ" ಅಂದರು.

ಅದೇ 1954ರಲ್ಲಿ ಅದೇ ಸಿಂಹ, ಅದೇ ರಾಜಕುಮಾರ್ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಮಾಡಿದರು. ರಾಜಕುಮಾರ್ ನಟಿಸಿದ ಒಂದೇ ಒಂದು ತೆಲುಗು ಸಿನಿಮಾ ಅದು. ಹಾಗಾಗಿ ತೆಲುಗಿನವರು ಕನ್ನಡದ ಕಣ್ಣಪ್ಪನನ್ನು ಎತ್ತಿಕೊಂಡರು ಎಂದು ನಾವೂ, ಕಾಳಹಸ್ತಿ ಇರುವುದೇ ನಮ್ಮಲ್ಲಿ ಎಂದು ಅವರೂ ಜಗಳ ತೆಗೆಯುವುದರಲ್ಲಿ ಅರ್ಥವಿಲ್ಲ. ಮೊದಲ ವರ್ಷದಲ್ಲೇ ಒಬ್ಬನೇ ನಟ ಎರಡೂ ಕಡೆಯ ಕಣ್ಣಪ್ಪನಾಗಿದ್ದ.

ಆದರೂ ಜಗಳ ಬಂತು. 1976ರಲ್ಲಿ ಬಾಪು ಅವರು ಕೃಷ್ಣಂರಾಜು ಅವರನ್ನು ಹಾಕಿಕೊಂಡು 'ಭಕ್ತ ಕಣ್ಣಪ್ಪ' ಮಾಡಿದರು. ಮಾನ್ವಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ರೈತರು ಬಂದು ಕ್ಯಾಂಪು ಕಟ್ಟಿದ್ದು ನಿಮಗೆ ಗೊತ್ತು. ಅವರ ಮನೆಗಳಲ್ಲಿ ಕಣ್ಣಪ್ಪ ಅಂದರೆ ಕೃಷ್ಣಂರಾಜು. ಚಹಾದ ಹೋಟೆಲಿನಲ್ಲಿ ಸಿಳ್ಳೆ ಹೊಡೆದ ಹುಡುಗನಿಗೆ ಪ್ರಭಾಸ್ ಬರೀ ಹೀರೋ ಅಲ್ಲ, ಅವನ ಅಪ್ಪ ನೋಡಿದ ಕಣ್ಣಪ್ಪನ ತಮ್ಮನ ಮಗ. ಅದು ತಿಳಿದಾಗ ನನಗೆ ಆ ಸಿಳ್ಳೆ ಬೇರೆ ಥರ ಕೇಳಿಸಿತು.

ನನ್ನ ಕಣ್ಣಪ್ಪ ಮೂರನೆಯವನು. 1988ರ 'ಶಿವ ಮೆಚ್ಚಿದ ಕಣ್ಣಪ್ಪ'. ಗಣೇಶನ ಹಬ್ಬದಾಗ ಟಿವಿ, ವಿಸಿಪಿ ಬಾಡಿಗೆ ತಂದು ಗುಡಿಯ ಮುಂದೆ ಹಾಕಿದ್ದರು. ಕಣ್ಣಪ್ಪನಾಗಿ ಶಿವರಾಜಕುಮಾರ್. ಶಿವನಾಗಿ ಬಂದವರು ರಾಜಕುಮಾರ್! ಬಾಲಕ ಕಣ್ಣಪ್ಪನಾಗಿ ಪುನೀತ್. ನಮ್ಮ ವಯಸ್ಸಿನ ಹುಡುಗರೆಲ್ಲ ಮರುದಿನ ಬಿಲ್ಲು ಬಾಣ ಮಾಡಿಕೊಂಡು ಜಾಲಿಗಿಡದಾಗ ಓಡಾಡಿದೆವು. ಹಿರಿಯರು ಮಾತ್ರ ಒಪ್ಪಲಿಲ್ಲ. "ಬಣ್ಣ ಜಾಸ್ತಿ ಆಗೇತಿ, ಅಪ್ಪನ ಮುಂದ ಮಗ ಏನೂ ಅಲ್ಲ" ಎಂದು ನಮ್ಮಜ್ಜ ಅಂದದ್ದು ಇನ್ನೂ ನೆನಪಿದೆ. ಆಗ ಅಜ್ಜನ ಮೇಲೆ ಸಿಟ್ಟು ಬಂದಿತ್ತು. ಈಗ 2025ರ ಟ್ರೇಲರ್ ನೋಡಿ ನಾನೂ ಥೇಟ್ ಅದೇ ಮಾತು ಆಡಿದೆ.

ಇಷ್ಟೇ ಆಗಿದ್ದರೆ ಇದು ಎಲ್ಲ ಊರಿನ ಕಥೆ. ಯಾರು ಯಾವುದನ್ನು ಮೊದಲು ನೋಡಿರುತ್ತಾರೋ ಅದೇ ಅವರಿಗೆ ಅಸಲಿ. ಕಣ್ಣಪ್ಪನ ವಿಷಯದಲ್ಲಿ ಮಾತ್ರ ಸಿನಿಮಾದ ಆಚೆ ಇನ್ನೊಂದು ನಡೆಯಿತು.

ತೆರೆಯ ಮೇಲೆ ಶಿವನಿಗೆ ಕಣ್ಣು ಕೊಟ್ಟ ರಾಜಕುಮಾರ್, 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕ್ ಉದ್ಘಾಟಿಸಿದರು. ಅಭಿಮಾನಿಗಳನ್ನು ದೇವರು ಎಂದು ಕರೆದ ಮನುಷ್ಯ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು. 46 ವರ್ಷ. ಅವರ ಕಣ್ಣೂ ದಾನವಾದವು. ವೈದ್ಯರು ಕಣ್ಣಿನ ಮುಂದಿನ ಕರಿಗುಡ್ಡೆಯ ಪಾರದರ್ಶಕ ಪದರವನ್ನೇ ಎರಡು ಭಾಗ ಮಾಡಿದರು. ಮೇಲಿನ ಪದರ ಕೆಟ್ಟವರಿಗೆ ಮೇಲಿನದು, ಒಳಪದರ ಕೆಟ್ಟವರಿಗೆ ಒಳಗಿನದು. ಹೀಗೆ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು.

ಬೇಡನಾಗಿ ನಟಿಸಿದ ಅಪ್ಪ, ಅದೇ ಬೇಡನ ಬಾಲ್ಯ ನಟಿಸಿದ ಮಗ, ಇಬ್ಬರೂ ನಿಜವಾಗಿ ಕಣ್ಣು ಕೊಟ್ಟರು. ಆಮೇಲೆ ರಾಜ್ಯದ ತುಂಬ ಜನ ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ನಮ್ಮೂರಲ್ಲಿಯೂ ಹುಡುಗರು ಫಾರಂ ತಂದು ತುಂಬಿಸಿದರು. ಚಹಾದ ಹೋಟೆಲಿನ ನಮ್ಮ ಹುಡುಗ ಅವರಲ್ಲೊಬ್ಬ, ಆಗಿನ್ನೂ ಕಾಲೇಜು ಮೆಟ್ಟಿಲು ಹತ್ತಿದ್ದನಷ್ಟೇ. ಹೊಸ ಹೀರೋ ಎಷ್ಟು ಚೆನ್ನಾಗಿ ನಟಿಸಿದರೂ ಅವನಿಗೆ ಒಪ್ಪಿಗೆಯಾಗದಿದ್ದರೆ ಅದರ ಬೇರು ಇಲ್ಲಿದೆ.

ಜೂನ್ 27ಕ್ಕೆ ಸಿನಿಮಾ ಬಂತು. ಕನ್ನಡಕ್ಕೂ ಡಬ್ ಆಗಿತ್ತು. ಅರವತ್ತರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗಿಗೆ ಇದ್ದ ತಡೆ ಸಡಿಲವಾದದ್ದು 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ. ಅದಿಲ್ಲದಿದ್ದರೆ ಕನ್ನಡ ಮಾತಾಡುವ ಈ ಕಣ್ಣಪ್ಪ ಇರುತ್ತಿರಲಿಲ್ಲ. ನಾನು ನೋಡಿದ್ದು ತೆಲುಗಿನದನ್ನೇ. ತಾತನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಮಂಚು ವಿಷ್ಣು ಮಾಡಿದ ತಿಣ್ಣ ಇಲ್ಲಿ ಮೊದಲು ನಾಸ್ತಿಕ. ಪ್ರಭಾಸ್ ಬಂದಾಗ ಥಿಯೇಟರ್ ಕಿತ್ತುಹೋಗುವಂಗೆ ಕೂಗು. ಮೊದಲರ್ಧ ನನಗೆ ಉದ್ದವಾಯಿತು. ಕಡೆಗೆ ಕಣ್ಣು ಕೀಳುವ ಹೊತ್ತಿಗೆ ಮೊಬೈಲ್ ಲೈಟುಗಳೆಲ್ಲ ಆರಿದ್ದವು. ತಾತ ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಹೊರಗೆ ಬಂದ ಮೇಲೆ ಹೆಂಗಿತ್ತು ಎಂದು ಕೇಳಿದೆ. ಸಿನಿಮಾದ ಬಗ್ಗೆ ಏನೂ ಹೇಳಲಿಲ್ಲ.

"ತಮ್ಮಾ, ನನ್ನ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗ್ಯಾವ. ನನ್ನವು ತಗೋತಾರೇನು?"

ತಗೊಳ್ತಾರೆ ತಾತ ಅಂದೆ. ಪೊರೆ ತೆಗೆಸಿದವರೂ ಕೊಡಬಹುದು, ವಯಸ್ಸೂ ಅಡ್ಡಿಯಿಲ್ಲ. ಉಸಿರು ನಿಂತು ಆರು ತಾಸಿನೊಳಗೆ ತೆಗೆಯಬೇಕು, ಮನೆಯವರು ಕೂಡಲೇ ಫೋನು ಮಾಡಬೇಕು ಅಷ್ಟೇ. ಅವರ ಫಾರಂ ಈಗ ರೇಷನ್ ಕಾರ್ಡಿನ ಕವರಿನಲ್ಲಿದೆ. ಮನೆಯವರಿಗೆ ಹೇಳಿದ್ದಾರೋ ಇಲ್ಲವೋ ಎಂದು ನಾನು ಇನ್ನೊಮ್ಮೆ ಹೋಗಿ ಕೇಳಬೇಕು.